ಎರಡೂವರೆ ಅಡಿ ಓಣಿಗೆ ಯಾವ ಮ್ಯಾಕ್ರೋ? ತುಮಕೂರಿನ ಒಂದು ಗಪ್ಪಿ ಕೋಣೆಯ ಪ್ರಕರಣ

ತುಮಕೂರಿನ ಬಟವಾಡಿ ಕಡೆ ಒಬ್ಬ ಅಕ್ಕ ಇದ್ದಾರೆ. ಮನೆಯ ಹಿಂಬದಿಯ ಕೋಣೆಯಲ್ಲಿ ಗಪ್ಪಿ ಮೀನು ಸಾಕಿ ಮಾರುತ್ತಾರೆ. ಜೊತೆಗೆ ಕೆಂಪು ಚೆರ್ರಿ ಶ್ರಿಂಪ್ ಕೂಡ ಇವೆ. ವ್ಯಾಪಾರ ಪೂರ್ತಿ ವಾಟ್ಸಾಪ್‌ನಲ್ಲೇ. ಗಿರಾಕಿಗಳು ಫೋಟೋ ನೋಡಿ ಜೋಡಿ ಆರಿಸುತ್ತಾರೆ, ದುಡ್ಡು ಕಳಿಸುತ್ತಾರೆ. ಇವರು ಆಕ್ಸಿಜನ್ ತುಂಬಿದ ಕವರ್‌ನಲ್ಲಿ ಮೀನು ಕಳಿಸಿಕೊಡುತ್ತಾರೆ. ಹಾಗಾಗಿ ಫೋಟೋ ಚೆಂದ ಇದ್ದರಷ್ಟೇ ಸಾಲದು. ಮೀನು ಕೈಗೆ ಬಂದಾಗ ಫೋಟೋದಲ್ಲಿ ಕಂಡ ಹಾಗೇ ಇರಬೇಕು.

ತಕರಾರು ಶುರುವಾಗಿದ್ದು ಅಲ್ಲೇ. ಮೊಬೈಲ್‌ನಲ್ಲಿ ತೆಗೆದ ಫೋಟೋದಲ್ಲಿ ಬಾಲ ಕಡು ನೇರಳೆ, ತಲುಪಿದ ಮೀನಿನ ಬಾಲ ನೀಲಿ. ಗಿರಾಕಿ ಫೋನ್ ಮಾಡಿ ಕೇಳೇ ಕೇಳುತ್ತಾರೆ ಅಲ್ವಾ? ಇನ್ನು ಶ್ರಿಂಪ್ ಫೋಟೋಗಳಲ್ಲಿ ಒಂದಷ್ಟು ಕೆಂಪು ಚುಕ್ಕೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಮನೆಯಲ್ಲಿ ಮಗನ ಕ್ಯಾಮೆರಾ ಇತ್ತು. ಕ್ಯಾನನ್ 200ಡಿ ಮಾರ್ಕ್ 2, ಅದರ ಜೊತೆ ಬಂದ 18-55 ಮತ್ತು 55-250 ಲೆನ್ಸ್. ಈ ಅಂಕಿಗಳು ಮಿ.ಮೀ.ನಲ್ಲಿ, ಅಂಕಿ ದೊಡ್ಡದಾದಷ್ಟೂ ಲೆನ್ಸಿನ ನೋಟ ಕಿರಿದು. ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಮ್ಯಾಕ್ರೋ, ಅಂದರೆ ಪುಟ್ಟ ವಸ್ತುವನ್ನು ಹತ್ತಿರದಿಂದ ದೊಡ್ಡದಾಗಿ ಹಿಡಿಯುವ ಲೆನ್ಸ್, ಬೇಕಾದರೆ ಕ್ಯಾನನ್‌ನ ದುಬಾರಿ ಎಲ್ ಸಾಲಿನ 100 ಎಂಎಂ ಲೆನ್ಸೇ, ಬೇರೆ ಯಾವುದೂ ಅಲ್ಲ ಅಂತ ಹಟ ಹಿಡಿದಿದ್ದ. ಅಕ್ಕ ನನ್ನ ಹತ್ತಿರ ಬಂದರು. ನಾನು ಮದುವೆ ಫೋಟೋ ತೆಗೆಯುವವನು. ನಮ್ಮ ಕಸುಬಿನಲ್ಲಿ ಮ್ಯಾಕ್ರೋ ಅಂದರೆ ಉಂಗುರ, ತಾಳಿ, ಮೆಹೆಂದಿ.

“ಅಣ್ಣಾ, ಮೂವತ್ತು ಸಾವಿರ ಎತ್ತಿಟ್ಟಿದೀನಿ. ಅದರೊಳಗೆ ಏನು ಬರುತ್ತೋ ನೋಡಿ ಹೇಳಿ. ಮಗ ಕಾಲೇಜಿಗೆ ಹೋದ ಮೇಲೆ ಫೋಟೋ ತೆಗೆಯೋಳು ನಾನೇ” ಅಂದರು.

ಆ ಕೊನೆಯ ಮಾತು ಮುಖ್ಯ. ಲೆನ್ಸ್ ಆರಿಸುವಾಗ ಅದನ್ನು ಹಿಡಿಯುವವರು ಯಾರು ಅಂತ ಮೊದಲು ಕೇಳಬೇಕು. ಇಲ್ಲಿ ಉತ್ತರ ತಾನಾಗೇ ಸಿಕ್ಕಿತು.

ಟೇಪು ಹಿಡಿದು ಶುರು

ಲೆನ್ಸಿನ ಪಟ್ಟಿ ನೋಡುವ ಮುಂಚೆ ಕೋಣೆ ಅಳೆದೆವು. ಎರಡೂ ಕಡೆ ಕಬ್ಬಿಣದ ರ‍್ಯಾಕ್, ಮಧ್ಯೆ ಎರಡೂವರೆ ಅಡಿ ಓಣಿ. ಅಂದರೆ ಸುಮಾರು 75 ಸೆಂ.ಮೀ. ಟ್ಯಾಂಕ್‌ಗಳು ಹೆಚ್ಚಾಗಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಗಾಜು 5 ಮಿ.ಮೀ. ದಪ್ಪ. ಪ್ರತಿ ಟ್ಯಾಂಕ್‌ನಲ್ಲೂ ಸ್ಪಾಂಜ್ ಫಿಲ್ಟರ್, ಹಿಂದೆ ಏರ್ ಪೈಪು. ಮೇಲೆ ಗಿಡ ಬೆಳೆಸುವ ಎಲ್‌ಇಡಿ ದೀಪ. ಅದರಲ್ಲಿ ಕೆಂಪು ಮತ್ತು ನೀಲಿ ಜಾಸ್ತಿ, ಹಸಿರು ಕಡಿಮೆ. ನೀಲಿ ಬಾಲ ನೇರಳೆ ಆಗಿದ್ದಕ್ಕೆ ಕಾರಣ ಆಗಲೇ ಸಿಕ್ಕಿತ್ತು. ಅದು ಲೆನ್ಸಿನ ತಪ್ಪಲ್ಲ, ಮೊಬೈಲಿನ ತಪ್ಪೂ ಪೂರ್ತಿ ಅಲ್ಲ.

ಇನ್ನೊಂದು ವಿಷಯ ಗಾಜಿನದು. ಅವರದ್ದು ಬೋರ್ ನೀರು, ಸಿಕ್ಕಾಪಟ್ಟೆ ಗಡಸು. ಗಪ್ಪಿಗೆ ಗಡಸು ನೀರು ಒಗ್ಗುತ್ತದೆ, ಆ ಮಟ್ಟಿಗೆ ಬಯಲುಸೀಮೆಯ ಬೋರು ಗಪ್ಪಿ ಸಾಕುವವರಿಗೆ ವರವೇ. ಆದರೆ ಗಾಜಿನ ಮೇಲೆ ಹನಿ ಬಿದ್ದು ಒಣಗಿದರೆ ಬಿಳಿ ಕಲೆ ಕೂರುತ್ತದೆ. ಕಣ್ಣಿಗೆ ಅದು ಅಷ್ಟಾಗಿ ತಟ್ಟುವುದಿಲ್ಲ. ಲೆನ್ಸ್ ಹತ್ತಿರ ಹಿಡಿದು, ಮೇಲಿನಿಂದ ಬೆಳಕು ಬಿಟ್ಟ ಕೂಡಲೇ ಚಿತ್ರದ ಮೇಲೆ ಮಂಜು ಮುಸುಕಿದಂತೆ ಆಗುತ್ತದೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಆ ಮಂಜು ಹೋಗದು. ಹೊರಗಡೆ ಗಾಜಿಗೆ ವಿನೆಗರ್ ಅದ್ದಿದ ಬಟ್ಟೆ, ಆಮೇಲೆ ಕುಡಿಯುವ ಫಿಲ್ಟರ್ ನೀರಿನಲ್ಲಿ ಒರೆಸುವುದು. ಒಳಗಡೆ ಪಾಚಿಗೆ ಹಳೇ ಎಟಿಎಂ ಕಾರ್ಡಿನ ಅಂಚು ಸಾಕು. ವಿನೆಗರ್ ಮಾತ್ರ ಟ್ಯಾಂಕ್ ಒಳಗೆ ಹೋಗಬಾರದು.

ಮೀನಿನ ಲೆಕ್ಕ

ಮ್ಯಾಕ್ರೋ ಅಂದ ಕೂಡಲೇ ಎಲ್ಲರೂ ಹೇಳುವುದು 1:1. ವಸ್ತು ಎಷ್ಟು ದೊಡ್ಡದೋ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಅಷ್ಟೇ ದೊಡ್ಡ ಚಿತ್ರ ಬೀಳುವುದು. ಆದರೆ ಗಪ್ಪಿಗೆ ಅಷ್ಟು ಬೇಕಾ? ಲೆಕ್ಕ ಹಾಕಿ ನೋಡೋಣ.

200ಡಿ ಮಾರ್ಕ್ 2ರ ಸೆನ್ಸರ್ ಅಗಲ 22.3 ಮಿ.ಮೀ. ಬಾಲ ಸೇರಿ ಗಂಡು ಗಪ್ಪಿ ನಾಲ್ಕೂವರೆ ಸೆಂ.ಮೀ. ಅಂತ ಇಟ್ಟುಕೊಳ್ಳಿ. ಸುತ್ತ ಸ್ವಲ್ಪ ಜಾಗ ಬಿಟ್ಟರೆ 6 ಸೆಂ.ಮೀ. ಅಗಲದ ಚೌಕಟ್ಟು. 22.3 ಅನ್ನು 60ರಿಂದ ಭಾಗಿಸಿದರೆ 0.37. ಅಂದರೆ 1:1ರ ಅರ್ಧಕ್ಕಿಂತಲೂ ಕಡಿಮೆ. ಶ್ರಿಂಪ್ ಎರಡೂವರೆ ಸೆಂ.ಮೀ., ಅದಕ್ಕೆ ಮೂರೂವರೆ ಸೆಂ.ಮೀ. ಚೌಕಟ್ಟು ಸಾಕು. ಅದು 0.64. ನಿಜವಾಗಿ 1:1 ಬೇಕಾಗುವುದು ಆಗ ತಾನೇ ಹುಟ್ಟಿದ ಮರಿಗೆ, ಮೀನಿನ ಕಣ್ಣಿಗೆ, ಹೊಟ್ಟೆಯಡಿ ಮೊಟ್ಟೆ ಹೊತ್ತ ಶ್ರಿಂಪ್‌ಗೆ ಮಾತ್ರ.

ಈ ಲೆಕ್ಕ ನೋಡಿದ ಮೇಲೆ ಅವರ ಮನೆಯಲ್ಲೇ ಇದ್ದ 55-250 ಲೆನ್ಸಿನ ಮೇಲೆ ನನಗೆ ಗೌರವ ಬಂತು. ಅದು 250ರಲ್ಲಿ 0.29 ವರೆಗೆ ಹೋಗುತ್ತದೆ. ಅಂದರೆ 7.7 ಸೆಂ.ಮೀ. ಚೌಕಟ್ಟು. ಗಪ್ಪಿ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬುತ್ತದೆ. ಕ್ಯಾಮೆರಾ ಕೊಡುವುದು 6000 ಪಿಕ್ಸೆಲ್ ಅಗಲದ ಚಿತ್ರ. ವಾಟ್ಸಾಪ್ ಹೇಗೂ ಕುಗ್ಗಿಸಿಯೇ ಕಳಿಸುತ್ತದೆ. ಹಾಗಿದ್ದರೆ ಹೊಸ ಲೆನ್ಸೇ ಬೇಡವಲ್ಲ!

ತೊಂದರೆ ಎಲ್ಲಿ ಬಂತು ಅಂದರೆ ಓಣಿಯಲ್ಲಿ. ಆ ಲೆನ್ಸ್ 85 ಸೆಂ.ಮೀ.ಗಿಂತ ಹತ್ತಿರ ಫೋಕಸ್ ಮಾಡುವುದಿಲ್ಲ. ಆ ಅಂತರ ಅಳೆಯುವುದು ಸೆನ್ಸರ್‌ನಿಂದ. ಅದರ ಹಿಂದೆ ಕ್ಯಾಮೆರಾದ ಬೆನ್ನು, ಅದರ ಹಿಂದೆ ಮನುಷ್ಯರ ತಲೆ. 75 ಸೆಂ.ಮೀ. ಓಣಿಯಲ್ಲಿ ಬೆನ್ನು ಹಿಂದಿನ ರ‍್ಯಾಕ್‌ಗೆ ಒತ್ತಿ ನಿಂತರೂ ಆಗಲಿಲ್ಲ. ಮುಂದಿನ ಕೋಣೆಯಲ್ಲಿ ಇಟ್ಟಿರುವ ನಾಲ್ಕಡಿ ಟ್ಯಾಂಕ್‌ಗೆ ಮಾತ್ರ ಅದು ಚೆನ್ನಾಗಿ ಒಪ್ಪಿತು. ಅಲ್ಲಿ ಏಂಜೆಲ್ ಮೀನುಗಳಿವೆ, ಎದುರಿಗೆ ಬೇಕಾದಷ್ಟು ಜಾಗ.

ಹಾಗಾಗಿ ಹುಡುಕಬೇಕಾದ್ದು ಜಾಸ್ತಿ ಹಿಗ್ಗಿಸುವ ಲೆನ್ಸ್ ಅಲ್ಲ, ಈ ಓಣಿಯಲ್ಲಿ ನಿಂತು ಫೋಕಸ್ ಆಗುವ ಲೆನ್ಸ್. ಮುಂದಿನ ಎಲ್ಲ ತೀರ್ಮಾನವೂ ಇದರ ಮೇಲೇ ನಿಂತಿತು.

ಇಲ್ಲಿ ನೀರಿನ ಒಂದು ಗುಣ ನೆನಪಿಡಬೇಕು. ನೀರು ಬೆಳಕನ್ನು ಬಾಗಿಸುತ್ತದೆ, ಅದರ ವಕ್ರೀಭವನ ಸೂಚ್ಯಂಕ 1.33. ಅದರಿಂದ ಗಾಜಿನ ಹಿಂದೆ 20 ಸೆಂ.ಮೀ. ಆಳದಲ್ಲಿರುವ ಮೀನು ಹೊರಗಿನಿಂದ ನೋಡಿದರೆ 15 ಸೆಂ.ಮೀ.ನಲ್ಲಿ ಇದ್ದಂತೆ ಕಾಣುತ್ತದೆ. ಲೆನ್ಸ್‌ಗೂ ಹಾಗೇ. ಟ್ಯಾಂಕ್ ಒಳಗಿನ ಅಂತರವನ್ನು ಮುಕ್ಕಾಲು ಮಾಡಿ ಲೆಕ್ಕ ಹಿಡಿಯಬಹುದು. ಇದು ನಮಗೆ ಅನುಕೂಲವೇ.

ಅದೇ ಬಾಗುವಿಕೆ ಇನ್ನೊಂದು ಕಡೆ ತೊಂದರೆ ಕೊಡುತ್ತದೆ. ಗಾಜಿಗೆ ನೇರವಾಗಿ ನೋಡಿದರೆ ಏನೂ ಇಲ್ಲ. ಓರೆಯಾಗಿ ನೋಡಿದರೆ ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ಅಳತೆಗೆ ಬಾಗಿ, ಮೀನಿನ ಅಂಚಿನಲ್ಲಿ ಕೆಂಪು-ನೀಲಿ ಗೆರೆ ಮೂಡುತ್ತದೆ, ಚಿತ್ರ ಮಸುಕಾಗುತ್ತದೆ. ಓರೆ ಜಾಸ್ತಿ ಆದಷ್ಟೂ ಮಸುಕು ಜಾಸ್ತಿ. ಆಗ ಜನ ಲೆನ್ಸನ್ನು ಬೈಯುತ್ತಾರೆ. ಗೋಲಿ ಆಕಾರದ ಗಾಜಿನ ಬಟ್ಟಲಿನಲ್ಲಂತೂ ಒಳ್ಳೆ ಫೋಟೋ ಕನಸೇ.

ಒಂದೊಂದಾಗಿ ಲೆನ್ಸ್

ಮಗ ಕೇಳಿದ ಕ್ಯಾನನ್ ಇಎಫ್ 100 ಮಿ.ಮೀ. ಎಫ್ 2.8 ಎಲ್ 2009ರಲ್ಲಿ ಬಂದದ್ದು. ಎಫ್ ಅಂಕಿ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ, ಅಂದರೆ ಅಪರ್ಚರ್‌ನ ಅಳತೆ, ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ತುಂಬಾ ಒಳ್ಳೆಯ ಲೆನ್ಸ್, ಅನುಮಾನವೇ ಇಲ್ಲ. ಕೈ ನಡುಕ ತಡೆಯುವ ವ್ಯವಸ್ಥೆ ಅದರ ಹೆಗ್ಗಳಿಕೆ. ಆದರೆ ಆ ವ್ಯವಸ್ಥೆ ನಿಲ್ಲಿಸುವುದು ನಮ್ಮ ಕೈಯನ್ನು, ಮೀನನ್ನಲ್ಲ. ಮೀನು ನಿಲ್ಲಬೇಕಾದರೆ ಫ್ಲ್ಯಾಶ್ ಬೇಕು. ಫ್ಲ್ಯಾಶ್ ಇದ್ದರೆ ಕೈ ನಡುಕವೂ ಲೆಕ್ಕಕ್ಕಿಲ್ಲ. ಬಜೆಟ್ ಪೂರ್ತಿ ಈ ಲೆನ್ಸಿಗೇ ಸುರಿದು ಫ್ಲ್ಯಾಶ್‌ಗೆ ಕಾಸಿಲ್ಲದಂತೆ ಆಗುವುದು ಶುದ್ಧ ದಂಡ ಅಂತ ಮಗನಿಗೆ ಹೇಳಿದೆ. “ಅಂಕಲ್, ಮುಂದೆ ಉಪಯೋಗಕ್ಕೆ ಬರುತ್ತೆ” ಅಂದ. ಮುಂದಿನದ್ದು ಮುಂದೆ.

ನನ್ನ ಹತ್ತಿರ ಇದ್ದದ್ದು ಅದರ ಅಣ್ಣ, 2000ದಲ್ಲಿ ಬಂದ ಇಎಫ್ 100 ಮಿ.ಮೀ. ಎಫ್ 2.8 ಯುಎಸ್‌ಎಂ. ಸುಮಾರು 600 ಗ್ರಾಂ ತೂಕ, 12 ಸೆಂ.ಮೀ. ಉದ್ದ. 1:1ರಲ್ಲಿ ಲೆನ್ಸಿನ ಮೂತಿಯಿಂದ ಮೀನಿಗೆ 15 ಸೆಂ.ಮೀ. ಹತ್ತಿರ ಜಾಗ ಸಿಗುತ್ತದೆ. ಇಡೀ ಗಪ್ಪಿ ಹಿಡಿಯುವ ಅಳತೆಯಲ್ಲಿ ಆ ಜಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇದನ್ನು ಓಣಿಯಲ್ಲೇ ಹಾಕಿ ನೋಡಿದೆವು. ಜಾಗ ಸಾಲುತ್ತದೆ, ಆದರೆ ಇಕ್ಕಟ್ಟು. ನನಗೆ ಪರವಾಗಿಲ್ಲ ಅನ್ನಿಸಿತು. ಅಕ್ಕನಿಗೆ ಆಗಲಿಲ್ಲ. ಈ ಸೆನ್ಸರ್ ಮೇಲೆ 100 ಮಿ.ಮೀ. ಹಾಕಿದರೆ, ಇದಕ್ಕಿಂತ ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 160 ಮಿ.ಮೀ. ಹಾಕಿದಷ್ಟು ಕಿರಿದಾದ ನೋಟ. ಮೀನು ಎಲ್ಲಿದೆ ಅಂತ ಹುಡುಕುವುದೇ ದೊಡ್ಡ ಕೆಲಸ. “ಈಗ ಇಲ್ಲೇ ಇತ್ತಣ್ಣಾ” ಅನ್ನುವಷ್ಟರಲ್ಲಿ ಅದು ಫಿಲ್ಟರ್ ಹಿಂದೆ ಹೋಗಿರುತ್ತಿತ್ತು. ಲೆನ್ಸ್ ದೂರ ಹೋದಷ್ಟೂ ಎದುರು ರ‍್ಯಾಕ್‌ನ ದೀಪಗಳು ಗಾಜಿನಲ್ಲಿ ಪ್ರತಿಫಲಿಸುವುದು ಬೇರೆ.

100ರ ಪರವಾಗಿ ಒಂದು ಮಾತು ಹೇಳಲೇಬೇಕು. ಅದರ ಕಿರಿದಾದ ನೋಟದಲ್ಲಿ ಹಿನ್ನೆಲೆಯ ಸ್ವಲ್ಪ ಭಾಗ ಮಾತ್ರ ಬರುತ್ತದೆ. ಫಿಲ್ಟರ್, ಪೈಪು ಎಲ್ಲ ಚೌಕಟ್ಟಿನ ಹೊರಗೆ ಉಳಿಯುತ್ತವೆ. ಉದ್ದ ಲೆನ್ಸಿನಲ್ಲಿ ಫೋಕಸ್ ಆಳ ಕಡಿಮೆ ಅಂತ ಹೇಳುವವರಿದ್ದಾರೆ. ಅದು ಇಲ್ಲಿಗೆ ಅನ್ವಯಿಸುವುದಿಲ್ಲ. ಮೀನನ್ನು ಒಂದೇ ಅಳತೆಗೆ ಹಿಡಿದು, ಅಪರ್ಚರ್ ಒಂದೇ ಇಟ್ಟರೆ, 60 ಆಗಲಿ 100 ಆಗಲಿ ಚೊಕ್ಕವಾಗಿ ಕಾಣುವ ಆಳ ಹೆಚ್ಚುಕಡಿಮೆ ಒಂದೇ.

ಇಎಫ್-ಎಸ್ 60 ಮಿ.ಮೀ. ಎಫ್ 2.8 ಬಂದದ್ದು 2005ರಲ್ಲಿ. ಗೆಳೆಯನೊಬ್ಬನಿಂದ ಎರವಲು ತಂದೆ. 335 ಗ್ರಾಂ, 7 ಸೆಂ.ಮೀ. ಉದ್ದ. ಫೋಕಸ್ ಮಾಡಿದಾಗ ಮುಂದಕ್ಕೆ ಚಾಚುವುದಿಲ್ಲ. 1:1ರಲ್ಲಿ ಮೂತಿಯಿಂದ 9 ಸೆಂ.ಮೀ., ಶ್ರಿಂಪ್ ಅಳತೆಗೆ ಅದಕ್ಕಿಂತ ಜಾಸ್ತಿ, ಗಪ್ಪಿ ಅಳತೆಗೆ ಇನ್ನೂ ಜಾಸ್ತಿ. ಮೂತಿಯನ್ನು ಗಾಜಿಗೆ ತಾಗಿಸಿ ಇಟ್ಟರೆ ಟ್ಯಾಂಕ್ ಒಳಗೆ ಸಾಕಷ್ಟು ಆಳದಲ್ಲಿ ಕೂತ ಶ್ರಿಂಪ್ ಕೂಡ ಸಿಗುತ್ತದೆ, ನೀರಿನ ಮುಕ್ಕಾಲು ಲೆಕ್ಕದಿಂದಾಗಿ. ಅಕ್ಕ ಹಿಡಿದ ಕೂಡಲೇ ಮೀನು ಸಿಕ್ಕಿತು. ನೋಟ ಅಗಲವಾಗಿದ್ದರಿಂದ ಮೀನು ಓಡಿದರೂ ಹಿಂದೆಯೇ ಹೋಗಬಹುದಿತ್ತು. ಕೊರತೆ ಅಂದರೆ, ಹತ್ತಿರದ ವಸ್ತುಗಳಿಗೆ ಮಾತ್ರ ಫೋಕಸ್ ಹುಡುಕು ಅಥವಾ ದೂರದವಕ್ಕೆ ಮಾತ್ರ ಹುಡುಕು ಅಂತ ಕಟ್ಟಿಹಾಕುವ ಸ್ವಿಚ್ ಇದರಲ್ಲಿಲ್ಲ. ಆಟೋಫೋಕಸ್ ತಪ್ಪಿದರೆ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತದೆ.

35 ಮಿ.ಮೀ. ಮ್ಯಾಕ್ರೋ ಕೂಡ ಇದೆ, 2017ರದ್ದು. ಮೂತಿಯಲ್ಲೇ ಪುಟ್ಟ ಎಲ್‌ಇಡಿ ದೀಪ. ಹೂವಿಗೆ, ನಾಣ್ಯಕ್ಕೆ ಚೆನ್ನ. ಟ್ಯಾಂಕ್‌ಗೆ ಬೇಡ. 1:1ರಲ್ಲಿ ಮೂತಿಯಿಂದ 3 ಸೆಂ.ಮೀ. ಮಾತ್ರ, ಗಾಜು ದಾಟಿದ ಮೇಲೆ ಉಳಿಯುವುದು ತೀರಾ ಕಡಿಮೆ. ಲೆನ್ಸಿನ ಪಕ್ಕದಿಂದ ಬಿಟ್ಟ ಬೆಳಕು ಗಾಜಿಗೆ ಬಡಿದು ಲೆನ್ಸಿಗೇ ವಾಪಸ್ ಬರುವ ತೊಂದರೆಯೂ ಇದೆ.

ಹಳೇ ಟ್ಯಾಮ್ರಾನ್ 90 ಎಫ್ 2.8 ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಚಿತ್ರವೂ ಸೊಗಸು. ಆದರೆ ಹತ್ತಿರ ಫೋಕಸ್ ಮಾಡುತ್ತಾ ಹೋದಂತೆ ಅದರ ಮೂತಿ ಆಮೆಯ ಕತ್ತಿನ ಹಾಗೆ ಮುಂದಕ್ಕೆ ಬರುತ್ತದೆ. ಗಾಜಿನ ಎದುರು ಅದೊಂದು ಕಿರಿಕಿರಿ. ಗಾಜಿಗೆ ತಾಗಿದರೆ ಮೀನಿಗೂ ಗಾಬರಿ, ಫೋಕಸ್ ಮೋಟಾರಿಗೂ ಒತ್ತಡ.

ಕಡಿಮೆ ದುಡ್ಡಿನ ಎರಡು ದಾರಿಗಳನ್ನೂ ನೋಡಿದೆವು. ಎಕ್ಸ್‌ಟೆನ್ಶನ್ ಟ್ಯೂಬ್ ಅಂದರೆ ಕ್ಯಾಮೆರಾ ಮತ್ತು ಲೆನ್ಸಿನ ನಡುವೆ ಹಾಕುವ ಖಾಲಿ ಉಂಗುರ, ಒಳಗೆ ಗಾಜು ಇಲ್ಲ. 55 ಮಿ.ಮೀ.ಗೆ ಇಟ್ಟ ಲೆನ್ಸಿನ ಹಿಂದೆ 36 ಮಿ.ಮೀ. ಟ್ಯೂಬ್ ಹಾಕಿದರೆ 36 ಭಾಗ 55, ಅಂದರೆ 0.65 ಹಿಗ್ಗುತ್ತದೆ. ಕಾಗದದ ಮೇಲೆ ಭರ್ಜರಿ. ಟ್ಯಾಂಕ್ ಮುಂದೆ ಮೀನು ಮೂತಿಯ ಹತ್ತಿರವೇ ಬರಬೇಕು. ಒಂದೆರಡು ಇಂಚು ಹಿಂದೆ ಸರಿದರೆ ಫೋಕಸ್ಸೇ ಇಲ್ಲ.

ಇನ್ನೊಂದು ರೇನಾಕ್ಸ್ ಡಿಸಿಆರ್-150. ಲೆನ್ಸಿನ ಮುಂದೆ ಕ್ಲಿಪ್ ಹಾಕುವ ಗಾಜು, ಶಕ್ತಿ 4.8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಹಾಗೆ). 1000 ಭಾಗ 4.8 ಮಾಡಿದರೆ 208. ಅಂದರೆ ಮೂತಿಯಿಂದ ಸುಮಾರು 21 ಸೆಂ.ಮೀ.ನಲ್ಲಿ ಕೆಲಸ. 55-250 ಲೆನ್ಸಿಗೆ ಹಾಕಿ ಜೂಮ್ ತಿರುಗಿಸಿದರೆ ಕಾಲು ಪಟ್ಟಿನಿಂದ ಹಿಡಿದು 1.2ರ ವರೆಗೂ ಹೋಗಬಹುದು. ನಿಜ ಹೇಳಬೇಕೆಂದರೆ ಲೆಕ್ಕದಲ್ಲಿ ಎಲ್ಲರನ್ನೂ ಸೋಲಿಸಿದ್ದು ಇದೇ. ಐದಾರು ಸಾವಿರ ಮಾತ್ರ ಇದೆ ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಮಗನ ಕೈಯಲ್ಲಿ ಒಳ್ಳೆ ಚಿತ್ರ ಬಂತು. ಆದರೆ ಫೋಕಸ್ ಸಿಗುವ ಜಾಗ ಬರೀ ನಾಲ್ಕೈದು ಸೆಂ.ಮೀ. ಮೀನು ಅದರ ಆಚೆ ಹೋದರೆ ಪೂರ್ತಿ ಮಬ್ಬು. ಅಕ್ಕ ಒಂದು ಗಂಟೆ ಪ್ರಯತ್ನಿಸಿ ಕ್ಯಾಮೆರಾ ಕೆಳಗಿಟ್ಟರು. “ಇದು ನನ್ನ ಕೈಲಿ ಆಗಲ್ಲಣ್ಣಾ.”

ಹೀಗೆ 60 ಉಳಿಯಿತು. ಇದು ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ ಅಂತ ಮಗ ಒಂದು ಸಲ ಗೊಣಗಿದ. ನಿಜ. ಆದರೆ ಮುಂದೆ ಕ್ಯಾನನ್‌ನ ಆರ್ ಮೌಂಟ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ತಗೊಂಡರೆ ಅಡಾಪ್ಟರ್ ಹಾಕಿ ಇದನ್ನೇ ಬಳಸಬಹುದು. ಫುಲ್ ಫ್ರೇಮ್ ಆದರೆ ಸೆನ್ಸರ್‌ನ ಮಧ್ಯಭಾಗ ಮಾತ್ರ ಕೆಲಸ ಮಾಡುತ್ತದೆ, ಅಷ್ಟೇ.

ಬೆಳಕು, ಮತ್ತೆ ಒಂದು ಪುಟ್ಟ ಟ್ಯಾಂಕ್

ಲೆನ್ಸ್ ತೀರ್ಮಾನ ಆದ ಮೇಲೂ ಚಿತ್ರ ಸುಧಾರಿಸಲಿಲ್ಲ. ಅದು ನಿರೀಕ್ಷಿತವೇ. ಟ್ಯಾಂಕ್ ದೀಪದಲ್ಲಿ ಎಫ್ 8 ಇಟ್ಟರೆ ಶಟರ್ ತುಂಬಾ ಹೊತ್ತು ತೆರೆದಿರಬೇಕು, ಮೀನು ಬರೀ ಗೆರೆ. ಎಫ್ 2.8 ಇಟ್ಟರೆ ಕಣ್ಣು ಚೊಕ್ಕ, ಬಾಲ ಮಬ್ಬು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಿದರೆ ಬಾಲದ ಮೇಲಿನ ಸಣ್ಣ ಚಿತ್ತಾರವೆಲ್ಲ ಮರಳು ಮರಳು.

ಆಳದ ಲೆಕ್ಕ ನೋಡಿ. ಇಡೀ ಗಪ್ಪಿ ಹಿಡಿಯುವ ಅಳತೆಯಲ್ಲಿ, ಎಫ್ 8ರಲ್ಲಿ ಚೊಕ್ಕವಾಗಿ ಕಾಣುವ ಆಳ ಬರೀ ಮೂರ್ನಾಲ್ಕು ಮಿ.ಮೀ. 1:1ಕ್ಕೆ ಹೋದರೆ ಒಂದು ಮಿ.ಮೀ. ಕೂಡ ಇಲ್ಲ. ಮೀನು ಗಾಜಿಗೆ ಸಮಾನಾಂತರವಾಗಿ ಇದ್ದರೆ ಮಾತ್ರ ಕಣ್ಣು, ಮೈ, ಬಾಲ ಮೂರೂ ಸಿಗುತ್ತವೆ. ಸ್ವಲ್ಪ ಓರೆಯಾದರೂ ಒಂದು ತುದಿ ಹೋಯಿತು. ಹಾಗಂತ ಎಫ್ 22ಕ್ಕೆ ಹೋಗುವ ಹಾಗೂ ಇಲ್ಲ. ಹತ್ತಿರದ ಕೆಲಸದಲ್ಲಿ ಅಪರ್ಚರ್ ಅಂಕಿ ಸುಳ್ಳು ಹೇಳುತ್ತದೆ. 1:1ರಲ್ಲಿ ಎಫ್ 8 ಅಂದರೆ ಸೆನ್ಸರ್‌ಗೆ ಎಫ್ 16ರಷ್ಟೇ ಬೆಳಕು. ನಿಕಾನ್ ಕ್ಯಾಮೆರಾಗಳು ಈ ಬದಲಾದ ಅಂಕಿಯನ್ನೇ ತೋರಿಸುತ್ತವೆ, ಕ್ಯಾನನ್ ತೋರಿಸುವುದಿಲ್ಲ. ಅಂಕಿ ಇನ್ನೂ ಏರಿಸಿದರೆ ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಾವು ಗಪ್ಪಿಗೆ ಎಫ್ 8ರಿಂದ 11ರೊಳಗೆ ನಿಂತೆವು.

ಆದ್ದರಿಂದ ಫ್ಲ್ಯಾಶ್ ಬೇಕೇ ಬೇಕು, ಅದೂ ಮೇಲಿನಿಂದ. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಗಾಜಿಗೆ ಹೊಡೆದು ಬಿಳಿ ಗುಂಡಿ ಮಾಡುತ್ತದೆ. ಟ್ಯಾಂಕ್ ಮೇಲೆ ಹಾಲುಬಿಳಿ ಅಕ್ರಿಲಿಕ್ ಹಾಳೆ, ಅದರ ಮೇಲೆ ಮಲಗಿಸಿದ ಫ್ಲ್ಯಾಶ್. ಬೆಳಕು ಮೆತ್ತಗೆ ಕೆಳಗಿಳಿಯುತ್ತದೆ. ಮೀನು ದಿನಾ ನೋಡುವುದೂ ಮೇಲಿನ ಬೆಳಕನ್ನೇ.

ಇಲ್ಲಿ ಈ ಕ್ಯಾಮೆರಾ ಇಟ್ಟುಕೊಂಡವರೆಲ್ಲ ತಿಳಿದಿರಬೇಕಾದ ಒಂದು ಸಂಗತಿ ಇದೆ. 200ಡಿ ಮಾರ್ಕ್ 2ರ ಹಾಟ್ ಶೂನಲ್ಲಿ (ಕ್ಯಾಮೆರಾ ತಲೆಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ನಡುವಿನ ದೊಡ್ಡ ಪಿನ್ ಇಲ್ಲ. ಕ್ಯಾನನ್ ಅದನ್ನು ತೆಗೆದುಹಾಕಿದೆ. ಆ ಒಂದೇ ಪಿನ್ ನಂಬಿಕೊಂಡ, ದೂರದ ಫ್ಲ್ಯಾಶ್ ಹೊಡೆಸುವ ಅಗ್ಗದ ಟ್ರಿಗರ್‌ಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ. ಕ್ಯಾನನ್‌ಗೆಂದೇ ಮಾಡಿದ, ಉಳಿದ ಪಿನ್‌ಗಳ ಮೂಲಕ ಮಾತಾಡುವ ಟ್ರಿಗರ್ ಬೇಕು. ಅದಕ್ಕೆ ಬಜೆಟ್‌ನಲ್ಲಿ ಮೊದಲೇ ದುಡ್ಡು ತೆಗೆದಿಟ್ಟೆವು. ಲೆನ್ಸ್ ಕೊಂಡ ಮೇಲೆ ಇದು ಗೊತ್ತಾಗಿದ್ದರೆ ಅಕ್ಕ ಇನ್ನೊಂದು ಸಲ ದುಡ್ಡು ಹೊಂದಿಸಬೇಕಿತ್ತು.

ಶಟರ್ 1/200 ಸೆಕೆಂಡ್, ಈ ಕ್ಯಾಮೆರಾದ ಫ್ಲ್ಯಾಶ್ ಮಿತಿ ಅಷ್ಟೇ. ಎಫ್ 8, ಐಎಸ್‌ಒ 200, ಫ್ಲ್ಯಾಶ್ ಅದರ ಪೂರ್ತಿ ಶಕ್ತಿಯ 1/8ರ ಆಸುಪಾಸು. ಮೊದಲು ಫ್ಲ್ಯಾಶ್ ಆಫ್ ಮಾಡಿ ಒಂದು ಫೋಟೋ ತೆಗೆಯುವುದು. ಅದು ಪೂರ್ತಿ ಕಪ್ಪು ಬರಬೇಕು. ಬಂದರೆ ಕೋಣೆಯ ದೀಪ, ಟ್ಯಾಂಕ್‌ನ ನೇರಳೆ ದೀಪ ಯಾವುದೂ ಚಿತ್ರಕ್ಕೆ ಸೇರುತ್ತಿಲ್ಲ ಅಂತ ಅರ್ಥ. ಆಮೇಲೆ ಫ್ಲ್ಯಾಶ್ ಹಾಕಿ, ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸನ್ನೂ ಫ್ಲ್ಯಾಶ್‌ಗೇ ಇಟ್ಟರೆ ನೀಲಿ ನೀಲಿಯಾಗೇ ಬರುತ್ತದೆ. ಬಾಲದ ತಕರಾರು ಮುಗಿದದ್ದು ಈ ಒಂದು ಹೆಜ್ಜೆಯಿಂದ. ಅದಕ್ಕೆ ಮ್ಯಾಕ್ರೋ ಬೇಕಾಗಿಯೇ ಇರಲಿಲ್ಲ!

ಉಳಿದದ್ದು ಮೀನನ್ನು ಜಾಗದಲ್ಲಿ ಇರಿಸುವುದು. ಗಾಜಿನ ಅಂಗಡಿಯಲ್ಲಿ 4 ಮಿ.ಮೀ. ಗಾಜು ಕತ್ತರಿಸಿಕೊಂಡು ಮಗನೇ ಪುಟ್ಟ ಫೋಟೋ ಟ್ಯಾಂಕ್ ಅಂಟಿಸಿದ. ಎಂಟು ಇಂಚು ಉದ್ದ, ಆರು ಇಂಚು ಎತ್ತರ, ಮೂರು ಇಂಚು ಅಗಲ. ಒಳಗೆ ಹಿಂದೆ-ಮುಂದೆ ಸರಿಸಬಹುದಾದ ಒಂದು ಗಾಜು. ಅದನ್ನು ಮುಂದೆ ತಂದರೆ ಮೀನಿಗೆ ಎರಡು ಇಂಚಿನ ಓಣಿ ಮಾತ್ರ ಉಳಿಯುತ್ತದೆ. ಹಾಗಾಗಿ ಅದು ಗಾಜಿಗೆ ಸಮಾನಾಂತರವಾಗಿಯೇ ಜಾಸ್ತಿ ಹೊತ್ತು ಈಜುತ್ತದೆ. ಹಿಂದೆ ಕಪ್ಪು ಕಾಗದ. ಅಂಟು ಅಕ್ವೇರಿಯಂಗೆ ಆಗುವ ಸಿಲಿಕಾನ್ ಆಗಿರಬೇಕು. ಬಚ್ಚಲುಮನೆಗೆ ಹಾಕುವ, ಬೂಷ್ಟು ತಡೆಯುವ ಔಷಧ ಸೇರಿಸಿದ ಸಿಲಿಕಾನ್ ಮೀನಿಗೆ ವಿಷ.

ನೀರು ಮೀನು ಇದ್ದ ಟ್ಯಾಂಕ್‌ನದ್ದೇ. ಗುಳ್ಳೆಗಳು ಏಳಲಿ, ಕಸ ಕೂರಲಿ ಅಂತ ಸ್ವಲ್ಪ ಹೊತ್ತು ಬಿಡಬೇಕು. ಮುಂಚೆ ತಿಂಡಿ ಹಾಕಬಾರದು, ನೀರಿನಲ್ಲಿ ತೇಲುವ ಪುಡಿ ಫ್ಲ್ಯಾಶ್‌ಗೆ ನಕ್ಷತ್ರಗಳಾಗಿ ಕಾಣುತ್ತದೆ. ಇದರಲ್ಲಿ ಹಿಡಿಯುವುದು ಎರಡು ಲೀಟರ್ ಚಿಲ್ಲರೆ ನೀರು, ಏಪ್ರಿಲ್ ಬಿಸಿಲಿಗೆ ಬೇಗ ಕಾಯುತ್ತದೆ. ಗಪ್ಪಿ ಹಾರುತ್ತದೆ, ಮೇಲೆ ಮುಚ್ಚಳ ಇರಲಿ. ಫ್ಲ್ಯಾಶ್‌ಗೆ ಮೀನು ಬೆದರಿ ಬಣ್ಣ ಬಿಟ್ಟರೆ ವಾಪಸ್ ಬಿಡುವುದೇ ಸರಿ, ಬಣ್ಣ ಬಿಟ್ಟ ಮೀನಿನ ಫೋಟೋ ಯಾರಿಗೆ ಬೇಕು?

ಫೋಟೋ ಟ್ಯಾಂಕ್ ಬಂದ ಮೇಲೆ 100ಕ್ಕೂ ಜಾಗ ಸಾಲುತ್ತಿತ್ತಲ್ಲ ಅಂತ ನೀವು ಕೇಳಬಹುದು. ಹೌದು, ಗಪ್ಪಿಗೆ ಸಾಲುತ್ತಿತ್ತು. ಶ್ರಿಂಪ್ ವಿಷಯ ಬೇರೆ. ಅದನ್ನು ಪದೇ ಪದೇ ಹಿಡಿದು ಬೇರೆ ನೀರಿಗೆ ಹಾಕುವುದು ಒಳ್ಳೆಯದಲ್ಲ. ಪಾಚಿ ಮೇಯುತ್ತಾ ಇರುವಾಗ, ಅದರ ಜಾಗದಲ್ಲೇ ತೆಗೆಯಬೇಕು. ಅದು ಓಣಿಯಲ್ಲಿ ನಿಂತು ಮಾಡುವ ಕೆಲಸ. ಅಲ್ಲಿ 60 ಗೆದ್ದಿತು.

ಕೊಳ್ಳುವುದು

ಹೊಸ 60 ನಮಗೆ ಎಲ್ಲೂ ಕಾಣಲಿಲ್ಲ. ಬೆಂಗಳೂರು ಎಪ್ಪತ್ತು ಕಿ.ಮೀ., ರೈಲಿದೆ. ಸೆಕೆಂಡ್ ಹ್ಯಾಂಡ್ ನೋಡಲು ಮಗನೂ ನಾನೂ ಹೋದೆವು. ಮೊದಲು ತೋರಿಸಿದ ಲೆನ್ಸ್ ಹೊರಗೆ ಥಳಥಳ. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಒಳಗೆ ಜೇಡರಬಲೆಯಂಥ ಎಳೆಗಳು. ಬೂಷ್ಟು. ಮಾರುವವರು ಅದನ್ನು ಧೂಳು ಅಂದರು. ಧೂಳು ಕವಲೊಡೆಯುವುದಿಲ್ಲ. ಬೇಡ ಅಂದು ಬಂದೆವು.

ಎರಡನೆಯದಕ್ಕೆ ಹೊರಗೆ ಗೀರುಗಳಿದ್ದವು, ಒಳಗಿನ ಗಾಜು ಶುದ್ಧ. ಕ್ಯಾಮೆರಾಗೆ ಹಾಕಿ ಆಟೋಫೋಕಸ್ ಆ ತುದಿಯಿಂದ ಈ ತುದಿಗೆ ಓಡಿಸಿದೆವು, ಕರಕರ ಸದ್ದು ಇಲ್ಲ. ಎಫ್ 11ರಲ್ಲಿ ಒಂದು ಸುದ್ದಿಪತ್ರಿಕೆಯ ಮೂಲೆ ತೆಗೆದು, ನಾಲ್ಕು ಅಂಚೂ ಒಂದೇ ರೀತಿ ಇದೆಯಾ ಅಂತ ದೊಡ್ಡದು ಮಾಡಿ ನೋಡಿದೆವು. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇರಲಿಲ್ಲ. ಅದನ್ನೇ ಕೊಂಡೆವು. ಫ್ಲ್ಯಾಶ್, ಟ್ರಿಗರ್ ಸೇರಿ ಅಕ್ಕ ಹೇಳಿದ ಮೊತ್ತದೊಳಗೇ ಮುಗಿಯಿತು.

ಆಮೇಲೆ

ಬಣ್ಣದ ತಕರಾರು ನಿಂತಿತು. ಹೊಸ ತಕರಾರು ಬಂತು. ಈಗ ಗಿರಾಕಿಗಳು ಕೇಳುತ್ತಿದ್ದದ್ದು, “ಫೋಟೋದಲ್ಲಿ ಇಷ್ಟು ದೊಡ್ಡದಿತ್ತು, ಬಂದದ್ದು ಇಷ್ಟೇನಾ?” ಮ್ಯಾಕ್ರೋ ಚಿತ್ರದಲ್ಲಿ ಅಳತೆ ತಿಳಿಯುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಚೌಕಟ್ಟು ತುಂಬಿದ ಗಪ್ಪಿ ಅಂಗೈ ಅಗಲ ಇದ್ದಂತೆ ಕಾಣುತ್ತದೆ. ಅಕ್ಕನೇ ಉಪಾಯ ಹುಡುಕಿದರು. ಫೋಟೋ ಟ್ಯಾಂಕ್‌ನ ಕೆಳಗಿನ ಅಂಚಿಗೆ ಮಗನ ಸ್ಕೇಲ್‌ನ ತುಂಡು ಅಂಟಿಸಿದರು. ಪ್ರತಿ ಜೋಡಿಗೂ ಈಗ ಎರಡು ಚಿತ್ರ ಹೋಗುತ್ತದೆ. ಒಂದು ಅಂದದ್ದು, ಒಂದು ಸ್ಕೇಲ್ ಜೊತೆ.

ಆಟೋಫೋಕಸ್ ಬಗ್ಗೆ ಒಂದು ಮಾತು. ಅವರು ವ್ಯೂಫೈಂಡರ್ ಬಿಟ್ಟು ಹಿಂದಿನ ಪರದೆಯಲ್ಲೇ ನೋಡುತ್ತಾರೆ. ಈ ಕ್ಯಾಮೆರಾದಲ್ಲಿ ಪರದೆಯ ಫೋಕಸ್ ಚುರುಕಾಗಿದೆ, ಪರದೆ ತಿರುಗಿಸಿಕೊಂಡರೆ ಕೆಳಗಿನ ಸಾಲಿನ ಟ್ಯಾಂಕ್‌ಗೆ ಮಂಡಿಯೂರಬೇಕಾಗಿಲ್ಲ. ಶ್ರಿಂಪ್‌ಗೆ ಮಾತ್ರ ಫೋಕಸ್ ಒಂದು ಅಳತೆಗೆ ನಿಲ್ಲಿಸಿ, ಕ್ಯಾಮೆರಾವನ್ನೇ ಸ್ವಲ್ಪ ಹಿಂದೆ-ಮುಂದೆ ಮಾಡುತ್ತಾ ಕಣ್ಣು ಚೊಕ್ಕ ಆದಾಗ ಒತ್ತುತ್ತಾರೆ. ಮೂತಿಗೆ ರಬ್ಬರ್ ಹುಡ್ ಹಾಕಿದೆ. ಅದು ಗಾಜಿಗೆ ಒತ್ತಿ ಕೂರುತ್ತದೆ, ಪ್ರತಿಫಲನ ಒಳಗೆ ಬರುವುದಿಲ್ಲ, ಗಾಜಿಗೆ ನೇರವಾಗಿ ನಿಲ್ಲುವುದೂ ತಾನಾಗೇ ಆಗುತ್ತದೆ.

ಸೋತ ಕಡೆಯೂ ಇದೆ. ಟ್ಯಾಂಕ್‌ನ ಹಿಂದಿನ ಗೋಡೆಗೆ ಅಂಟಿಕೊಂಡ ಶ್ರಿಂಪ್ ಈಗಲೂ ಸಣ್ಣದಾಗೇ ಬರುತ್ತದೆ. ರ‍್ಯಾಕ್‌ನಲ್ಲೇ ತೆಗೆದ ಚಿತ್ರಗಳಲ್ಲಿ ಏರ್ ಪೈಪು ಇಣುಕುತ್ತದೆ, 100 ಇದ್ದಿದ್ದರೆ ಅದು ಹೊರಗೆ ಹೋಗುತ್ತಿತ್ತು. ಮುಂದಿನ ಕೋಣೆಯ ಏಂಜೆಲ್‌ಗಳಿಗೆ ಅವರು ಹಳೇ 55-250 ಅನ್ನೇ ಬಳಸುತ್ತಾರೆ, ಮೇಲೆ ಅದೇ ಫ್ಲ್ಯಾಶ್. ಆ ಚಿತ್ರಗಳು ಮ್ಯಾಕ್ರೋ ಚಿತ್ರಗಳಿಗಿಂತ ಏನೂ ಕಡಿಮೆಯಿಲ್ಲ.

ಇನ್ನು ಮರಿಗಳು. ಹುಟ್ಟಿದ ದಿನದ ಗಪ್ಪಿ ಮರಿ ಏಳು ಮಿ.ಮೀ. ಇದ್ದರೆ 1:1ರಲ್ಲೂ ಚೌಕಟ್ಟಿನ ಮೂರನೇ ಒಂದು ಭಾಗ ಮಾತ್ರ ತುಂಬುತ್ತದೆ. ಮಾರಾಟಕ್ಕೆ ಮರಿಯ ಫೋಟೋ ಬೇಡ, ಆದರೆ ಬೆನ್ನು ಡೊಂಕಾದ ಮರಿಗಳನ್ನು ಬೇಗ ಗುರುತಿಸಿ ಬೇರೆ ಮಾಡಲು ಅಕ್ಕನಿಗೆ ಅದು ಬೇಕು. ಅದಕ್ಕೆ ನನ್ನ 12 ಮಿ.ಮೀ. ಟ್ಯೂಬ್ ಕೊಟ್ಟಿದ್ದೇನೆ. 60ರ ಹಿಂದೆ ಹಾಕಿದರೆ 1:1 ದಾಟುತ್ತದೆ. ಮರಿಯನ್ನು ಒಂದು ಸೆಂ.ಮೀ. ಅಗಲದ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು ತೆಗೆಯುತ್ತಿದ್ದಾರೆ. ಬಂದ ಚಿತ್ರಗಳಲ್ಲಿ ಹೆಚ್ಚಿನವು ಮಬ್ಬು, ಕೆಲವು ಬೆನ್ನೆಲುಬು ಎಣಿಸುವಷ್ಟು ಚೊಕ್ಕ. ಟ್ಯೂಬ್ ಸದ್ಯಕ್ಕೆ ಅಲ್ಲೇ ಇರಲಿ ಅಂದಿದ್ದೇನೆ.